ಹವ್ಯಾಸಿ ರೇಸಿಂಗ್‌ಗೆ ಕಾರ್ ಕ್ಲಾಸ್ ರೂಲ್ಸ್ ಬರೆಯೋದು ಹೇಗೆ: ಹಂತ ಹಂತವಾಗಿ ಪೂರ್ತಿ ಗೈಡ್

ಕ್ಲಬ್ ನಡೆಸೋರು ನಂಗೆ ಕಳಿಸೋ ರೂಲ್‌ಬುಕ್ ಡ್ರಾಫ್ಟ್‌ಗಳು ಎರಡೇ ಥರ ಇರುತ್ತೆ. ಒಂದು, ನಲವತ್ತು ಕಾರಿಗೆ ಹದಿನಾರು ಕ್ಲಾಸು (ಒಟ್ಟಿಗೆ ಸ್ಪರ್ಧೆ ಮಾಡೋ ಕಾರುಗಳ ಗುಂಪು), ಅರವತ್ತು ಪುಟ, ಬರೆದೋರಿಗೇ ನೆನಪಿರಲ್ಲ ಹನ್ನೊಂದನೇ ಪುಟದಲ್ಲಿ ಏನಿದೆ ಅಂತ. ಇನ್ನೊಂದು, ಮುಕ್ಕಾಲು ಪುಟ, '1600 ಸಿಸಿ ಒಳಗೆ, 1600 ಸಿಸಿ ಮೇಲೆ' ಅಂತ ಎರಡೇ ಸಾಲು, ಮೊದಲನೇ ಇವೆಂಟಲ್ಲೇ ಯಾರೋ ಟರ್ಬೋ ಹಾಕ್ಕೊಂಡು ಬಂದು ಎಲ್ಲರನ್ನೂ ಗುಡಿಸಿ ಹಾಕಿ ಹೋಗ್ತಾರೆ. ಇಬ್ರೂ ಮಾಡೋ ತಪ್ಪು ಒಂದೇ: ರೂಲ್ ಬರೆಯೋಕೆ ಕೂತಿದ್ದಾರೆ, ಆದ್ರೆ ಆ ರೂಲನ್ನ ಭಾನುವಾರ ಮಧ್ಯಾಹ್ನ ಪ್ಯಾಡಾಕಲ್ಲಿ (ಕಾರುಗಳನ್ನ ನಿಲ್ಸೋ ಜಾಗ) ಯಾರು, ಯಾವುದ್ರಲ್ಲಿ, ಎಷ್ಟು ಹೊತ್ತಲ್ಲಿ ಚೆಕ್ ಮಾಡ್ತಾರೆ ಅನ್ನೋದನ್ನ ಯೋಚನೆ ಮಾಡಿಲ್ಲ.

ಕೆಳಗಿನ ಆರ್ಡರನ್ನ ದಯವಿಟ್ಟು ಹಿಂದೆಮುಂದೆ ಮಾಡ್ಬೇಡಿ. ಎಲ್ರೂ ಮೂರು-ನಾಲ್ಕನೇ ಹಂತದಿಂದ ಶುರು ಮಾಡ್ತಾರೆ ಯಾಕಂದ್ರೆ ಅದೇ ಮಜಾ ಇರೋದು, ಅಲ್ಲೇ ಕೆಡೋದು ಕೂಡ.

ಶುರು ಮಾಡೋಕೆ ಮುಂಚೆ ಕೈಯಲ್ಲಿ ಇರ್ಬೇಕಾದ್ದು

ಕಳೆದ ನಾಲ್ಕೈದು ಇವೆಂಟಿನ ರಿಸಲ್ಟ್ ಶೀಟ್, ಒಂದು ಸ್ಪ್ರೆಡ್‌ಶೀಟ್, ನಾಲ್ಕು ಪ್ಯಾಡಿನ ಕಾರ್ ಸ್ಕೇಲ್ (ಸ್ವಂತದ್ದೇ ಆಗ್ಬೇಕಂತಿಲ್ಲ, ಇವೆಂಟ್ ದಿನ ಸಿಕ್ರೆ ಸಾಕು), ಅಳತೆ ಟೇಪ್, ಟಾರ್ಚ್, ಉದ್ದ ಹಿಡಿಯ ಕನ್ನಡಿ, ಸೀಲ್ ಮಾಡೋಕೆ ಪೇಂಟ್ ಮಾರ್ಕರ್. ಇಷ್ಟೇ. ಇದ್ರಲ್ಲಿ ಚೆಕ್ ಮಾಡೋಕಾಗದ ವಿಷಯದ ಬಗ್ಗೆ ರೂಲ್ ಬರೀಬೇಡಿ. ಇಂಜಿನ್ ಒಳಗಿನ ಕ್ಯಾಮ್‌ಶಾಫ್ಟ್ ಸ್ಟಾಕ್ (ಕಂಪನಿ ಕೊಟ್ಟಂಗೇ) ಇರ್ಬೇಕು ಅಂತ ಬರೆಯೋದು ಸುಲಭ, ಆದ್ರೆ ನಿಮ್ಮ ಕ್ಲಬ್ಬಲ್ಲಿ ಇಂಜಿನ್ ಬಿಚ್ಚೋರು ಯಾರು? ಚೆಕ್ ಮಾಡದ ರೂಲು ಪ್ರಾಮಾಣಿಕವಾಗಿ ಇರೋನಿಗೆ ಮಾತ್ರ ಶಿಕ್ಷೆ, ಅವನೊಬ್ಬನೇ ಅದನ್ನ ಪಾಲಿಸೋದು.

ಹಂತ 1: ಮೊದಲು ತಲೆ ಎಣಿಸಿ

ಕಳೆದ ಸೀಸನ್ನಲ್ಲಿ ನಿಜವಾಗ್ಲೂ ಬಂದ ಕಾರುಗಳನ್ನ ಒಂದೊಂದು ಸಾಲಲ್ಲಿ ಬರೆಯಿರಿ. ಕಾರು, ಕಂಪನಿ ಹೇಳಿರೋ ಪವರ್, ತೂಕ, ಟೈರ್ ಯಾವುದು, ಯಾವ ಚಕ್ರಕ್ಕೆ ಡ್ರೈವ್, ದೊಡ್ಡ ಮಾಡಿಫಿಕೇಶನ್ ಏನೇನು, ಎಷ್ಟು ಇವೆಂಟಿಗೆ ಬಂದ್ರು, ಬೆಸ್ಟ್ ಟೈಮ್ ಎಷ್ಟು. ಮುಂದೆ ಬರಬಹುದು ಅಂತ ಕನಸಲ್ಲಿರೋ ಕಾರುಗಳನ್ನ ಸೇರಿಸ್ಬೇಡಿ. 'ನಾಳೆ ಯಾರಾದ್ರೂ ಜಿಟಿ3 ಕಾರ್ ತಂದ್ರೆ?' ಅಂತ ಕೇಳೋರು ಪ್ರತಿ ಮೀಟಿಂಗಲ್ಲೂ ಒಬ್ರು ಇರ್ತಾರೆ. ತಂದ್ರೆ ಎಕ್ಸಿಬಿಶನ್ ರನ್ ಕೊಡಿ, ಟ್ರೋಫಿ ಬೇಡ. ಅಷ್ಟಕ್ಕೆ ಒಂದು ಸಾಲು ಸಾಕು.

ಕ್ಲಾಸಿನ ಸಂಖ್ಯೆಗೆ ನಾನು ಬಳಸೋ ಲೆಕ್ಕ ಹೀಗಿದೆ: ಒಂದು ಇವೆಂಟಿಗೆ ಸರಾಸರಿ ಎಷ್ಟು ಕಾರ್ ಬರುತ್ತೋ ಅದನ್ನ ಎಂಟರಿಂದ ಭಾಗಿಸಿ. ನಲವತ್ತು ಬಂದ್ರೆ ಐದು ಕ್ಲಾಸ್. ಎಂಟೇ ಯಾಕೆ ಅಂದ್ರೆ ಹಂಚಿಕೆ ಯಾವತ್ತೂ ಸಮ ಆಗಲ್ಲ, ಒಂದರಲ್ಲಿ ಹದಿಮೂರು ಇನ್ನೊಂದರಲ್ಲಿ ನಾಲ್ಕು ಆಗುತ್ತೆ, ಆ ನಾಲ್ಕಾದ್ರೂ ಉಳೀಬೇಕು. ಕ್ಲಾಸ್ ಅನ್ನೋದು ಕಾರಿಗೆ ಗೌರವ ಕೊಡೋಕಲ್ಲ, ಡ್ರೈವರಿಗೆ ಜಗಳ ಆಡೋಕೆ ಜೊತೆ ಸಿಗಲಿ ಅಂತ. ಕ್ಲಾಸಲ್ಲಿ ಒಂದೇ ಕಾರ್ ಇದ್ರೆ ಅವರು ಊರಿಗೊಬ್ಬಳೇ ಪದ್ಮಾವತಿ, ಸೀಸನ್ ಪೂರ್ತಿ ಟ್ರೋಫಿ ತಗೊಂಡು ಮುಂದಿನ ವರ್ಷ ಬೋರಾಗಿ ಬರೋದೇ ನಿಲ್ಲಿಸ್ತಾರೆ.

ಎಚ್ಚರಿಕೆ ಗಂಟೆ: ಯಾರಾದ್ರೂ ಹೊಸ ಕ್ಲಾಸ್ ಕೇಳಿದ್ರೆ ಅವರ ಕಾರ್ ಬಿಟ್ಟು ಆ ಕ್ಲಾಸಿಗೆ ಇನ್ನೂ ನಾಲ್ಕು ಕಾರು ಯಾವುದು ಅಂತ ಶೀಟ್ ತೋರಿಸಿ ಕೇಳಿ. ಉತ್ತರ ಇಲ್ಲದಿದ್ರೆ ಅವರು ಕೇಳ್ತಿರೋದು ಕ್ಲಾಸಲ್ಲ, ಟ್ರೋಫಿ.

ಹಂತ 2: ಟೈರ್ ವಿಷಯ ಮೊದಲೇ ತೀರ್ಮಾನ ಮಾಡಿ

ಇದನ್ನ ಪವರ್ ಆದ್ಮೇಲೆ ನೋಡೋಣ ಅಂದ್ಕೊಂಡೋರೆಲ್ಲ ವಾಪಸ್ ಬಂದು ಮೊದಲಿಂದ ಬರ್ದಿದ್ದಾರೆ. ಕೋನ್ ಇಟ್ಟು ಒಂದು ನಿಮಿಷದ ಕೋರ್ಸಲ್ಲಿ ರಸ್ತೆ ಟೈರಿಂದ ರೇಸ್ ಕಾಂಪೌಂಡಿಗೆ ಬಂದ್ರೆ ಒಂದೆರಡು ಸೆಕೆಂಡ್ ಆರಾಮಾಗಿ ಹೋಗುತ್ತೆ, ಅದೇ ಕೋರ್ಸಲ್ಲಿ ಇಪ್ಪತ್ತು ಎಚ್‌ಪಿ ಜಾಸ್ತಿ ಇದ್ರೆ ಅಷ್ಟು ಸಿಗಲ್ಲ. ಅಂದ್ರೆ ನೀವು ಪವರಿಗೆ ಎಷ್ಟೇ ಚಂದದ ಫಾರ್ಮುಲಾ ಬರೆದ್ರೂ ಟೈರ್ ಬಿಟ್ಟಿದ್ರೆ ಅದು ತೂತು ಬಿದ್ದ ಬಿಂದಿಗೆ.

ಸುಲಭದ ದಾರಿ ಟ್ರೆಡ್‌ವೇರ್ ನಂಬರ್. ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತೆ, ಬಗ್ಗಿ ನೋಡಿದ್ರೆ ಮುಗೀತು. ಅಮೆರಿಕದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್) ತನ್ನ ಸೋಲೋ ಅನ್ನೋ ಕೋನ್ ಕೋರ್ಸ್ ಸ್ಪರ್ಧೆಯ ಸ್ಟ್ರೀಟ್ ಕ್ಲಾಸುಗಳಿಗೆ ಕನಿಷ್ಠ 200 ಅಂತ ಇಟ್ಟಿದೆ, ಬಹಳ ಕಡೆ ಕ್ಲಬ್ಬುಗಳು ಅದನ್ನೇ ಎತ್ಕೊಂಡಿವೆ. ಆದ್ರೆ ಒಂದು ಮಾತು ತಿಳ್ಕೊಂಡಿರಿ: ಆ ನಂಬರ್ ಸವೆತದ್ದು, ಹಿಡಿತದ್ದಲ್ಲ. 100 ಅಂಕದ ಹೋಲಿಕೆ ಟೈರಿಗಿಂತ ಎರಡು ಪಟ್ಟು ಬಾಳಿಕೆ ಬಂದ್ರೆ 200, ಅಷ್ಟೇ. ಟೆಸ್ಟ್ ಮಾಡಿಸಿ ನಂಬರ್ ಹಾಕೋದು ಟೈರ್ ಕಂಪನಿಯೇ. ಹಾಗಾಗಿ 200 ಅಂತ ಬರ್ಕೊಂಡು ನಿಜವಾಗಿ ರೇಸ್ ಟೈರ್ ಥರ ಅಂಟೋ ಟೈರುಗಳು ಮಾರ್ಕೆಟ್ಟಲ್ಲಿ ಸಾಕಷ್ಟಿವೆ. ಅದಕ್ಕೆ ಎರಡು ಪಟ್ಟಿ ಇಡಿ: 200ರಿಂದ 299, ಮತ್ತೆ 300 ಮೇಲೆ. 200ಕ್ಕಿಂತ ಕಮ್ಮಿ ಇದ್ರೆ ಓಪನ್ ಕ್ಲಾಸಿಗೆ. ಬ್ರ್ಯಾಂಡ್ ಹೆಸರಿನ ನಿಷೇಧ ಪಟ್ಟಿ ಮಾಡೋಕೆ ಹೋಗ್ಬೇಡಿ, ಆರು ತಿಂಗಳಿಗೊಂದು ಹೊಸ ಮಾಡೆಲ್ ಬರುತ್ತೆ, ನೀವು ಪಟ್ಟಿ ಹಿಂದೆ ಓಡ್ತಾನೇ ಇರ್ತೀರ.

ಅಗಲನೂ ಲಿಮಿಟ್ ಮಾಡ್ಬೇಕು ಅನಿಸಿದ್ರೆ ಟೈರ್ ಮೇಲೆ ಅಚ್ಚಾಗಿರೋ ನಂಬರನ್ನೇ ತಗೊಳ್ಳಿ (205, 225 ಹೀಗೆ), ಟೇಪ್ ಹಿಡಿದು ಅಳೆಯೋಕೆ ಹೋದ್ರೆ ರಿಮ್ ಅಗಲ ಬದಲಾದಂಗೆ ಅಳತೆ ಬದಲಾಗಿ ಅರ್ಧ ಗಂಟೆ ವಾದ ನಡೆಯುತ್ತೆ.

ಹಂತ 3: ತೂಕ ಮತ್ತೆ ಪವರ್

ಸಿಸಿ ಲೆಕ್ಕ ಬಿಡಿ. ಸಿಸಿ ಪೇಪರಲ್ಲಿ ಚೆಂದ, ಆದ್ರೆ ಟರ್ಬೋ ಬಂದ ಕೂಡ್ಲೇ ಗುಣಕ ಬೇಕು, ಗುಣಕ ಬಂದ ಕೂಡ್ಲೇ ಅದರ ಸುತ್ತ ಇಂಜಿನ್ ಕಟ್ಟೋರು ಬರ್ತಾರೆ. 1980ರ ದಶಕದ ಗ್ರೂಪ್ ಬಿ ರ್‍ಯಾಲಿ ಕಾಲದಲ್ಲಿ ಟರ್ಬೋಗೆ 1.4 ಗುಣಕ ಇತ್ತು. ಲ್ಯಾನ್ಸಿಯಾದವರು ಡೆಲ್ಟಾ ಎಸ್4ಗೆ 1759 ಸಿಸಿ ಇಂಜಿನ್ ಮಾಡಿದ್ರು, 1.4ರಿಂದ ಗುಣಿಸಿ ನೋಡಿ, 2462 ಚಿಲ್ರೆ ಬರುತ್ತೆ, 2500ರ ಕೆಳಗಿನ ಹಗುರ ಕ್ಲಾಸಿಗೆ ಆರಾಮಾಗಿ ಸೇರ್ಕೊಳ್ತು. ಆಮೇಲೆ ರೇಸಿಂಗಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಗುಣಕವನ್ನ 1.7ಕ್ಕೆ ಏರಿಸಿತು. ಮಾಜ್ದಾ ರೋಟರಿ 13ಬಿ ಇಂಜಿನ್ ಇನ್ನೊಂದು ತಲೆನೋವು, ಲೆಕ್ಕಕ್ಕೆ 1308 ಸಿಸಿ, ಪವರ್ ಮಾತ್ರ ಆ ಸೈಜಿಗೆ ಎಷ್ಟೋ ಜಾಸ್ತಿ, ಪಕ್ಕದಲ್ಲಿ 1.3 ಲೀಟರ್ ಹ್ಯಾಚ್‌ಬ್ಯಾಕ್ ನಿಲ್ಸಿ ಎರಡೂ ಒಂದೇ ಕ್ಲಾಸ್ ಅಂದ್ರೆ ಯಾರಾದ್ರೂ ಒಪ್ತಾರಾ.

ಅದಕ್ಕೆ ಪ್ರತಿ ಎಚ್‌ಪಿಗೆ ಎಷ್ಟು ಕೆಜಿ ಅನ್ನೋ ಲೆಕ್ಕ. ಡ್ರೈವರ್ ಕೂತಿದ್ದಾಗ, ರನ್ ಮುಗಿಸಿ ಬಂದ ತಕ್ಷಣ, ಟ್ಯಾಂಕಲ್ಲಿ ಎಷ್ಟಿದೆಯೋ ಅಷ್ಟು ಪೆಟ್ರೋಲ್ ಸಮೇತ ತೂಕ. ಒಂದು ಉದಾಹರಣೆ ತಗೊಳ್ಳೋಣ. ಒಂದು ಹ್ಯಾಚ್‌ಬ್ಯಾಕ್ 1080 ಕೆಜಿ, 110 ಎಚ್‌ಪಿ, ಭಾಗಿಸಿದ್ರೆ 9.8. ಇನ್ನೊಂದು ಟರ್ಬೋ ಸೆಡಾನ್ 1420 ಕೆಜಿ, 180 ಎಚ್‌ಪಿ, ಭಾಗಿಸಿದ್ರೆ 7.9. ನಂಬರ್ ಕಮ್ಮಿ ಆದಷ್ಟೂ ಕಾರ್ ಜೋರು, ಹಾಗಾಗಿ ನಿಮ್ಮ ಕ್ಲಾಸ್ ಗೆರೆ 8ರಲ್ಲಿದ್ರೆ ಸೆಡಾನ್ ಕೂದಲೆಳೆಯಲ್ಲಿ ಮೇಲಿನ ಕ್ಲಾಸಿಗೆ ಬಿತ್ತು. ಅವನು ಕೆಳಗಿನ ಕ್ಲಾಸಿಗೆ ಬರ್ಬೇಕಂದ್ರೆ 180ನ್ನ 8ರಿಂದ ಗುಣಿಸಿ, 1440 ಆಗ್ಬೇಕು, ಅಂದ್ರೆ 20 ಕೆಜಿ ಹೆಚ್ಚುವರಿ ತೂಕ ಹಾಕ್ಕೊಳ್ಳಿ. ಈ ಪದ್ಧತಿಯ ಸೊಗಸೇ ಇದು, ಮೀಟಿಂಗು, ಅರ್ಜಿ, ವೋಟು ಏನೂ ಬೇಡ, ಅವನೇ ಲೆಕ್ಕ ಹಾಕಿ ಅವನೇ ಸರಿಮಾಡ್ಕೊಂಡು ಬರ್ತಾನೆ. ಆದ್ರೆ ಆ ತೂಕವನ್ನ ಬೋಲ್ಟ್ ಹಾಕಿ ಬಿಗಿದಿರ್ಬೇಕು ಅಂತ ಬರೆಯೋದು ಮರೀಬೇಡಿ. ಮರಳು ಚೀಲ ಹಿಂದಿನ ಸೀಟಲ್ಲಿ ಇಟ್ಕೊಂಡು ಬಂದವರನ್ನ ನಾನೇ ನೋಡಿದ್ದೀನಿ, ಬ್ರೇಕ್ ಹೊಡೆದಾಗ ಅದು ಎಲ್ಲಿಗೆ ಬರುತ್ತೆ ಅಂತ ಯೋಚನೆ ಮಾಡಿ.

ಸ್ಕೇಲ್ ಬಗ್ಗೆ: ನಾಲ್ಕೂ ಪ್ಯಾಡ್ ಒಂದೇ ಮಟ್ಟದಲ್ಲಿರ್ಬೇಕು. ಒಂದು ಸಲ ನಾವು ಅವಸರಕ್ಕೆ ಡಾಂಬರಿನ ಉಬ್ಬುತಗ್ಗಲ್ಲೇ ಇಟ್ಟು ತೂಗಿದ್ವಿ, ಅದೇ ಕಾರನ್ನ ತಿರುಗಿಸಿ ಹತ್ತಿಸಿದ್ರೆ ಒಂಬತ್ತು ಕೆಜಿ ವ್ಯತ್ಯಾಸ, ಓನರ್ ಮುಖ ನೋಡೋಕಾಗ್ಲಿಲ್ಲ. ಆವತ್ತಿಂದ ಎರಡು ಕೆಲಸ ಮಾಡ್ತೀವಿ. ಬೆಳಗ್ಗೆ ಸ್ಕೇಲ್ ಎಲ್ರಿಗೂ ಓಪನ್, ಬಂದು ತೂಗ್ಕೊಂಡು ಹೋಗ್ಬಹುದು. ಮಧ್ಯಾಹ್ನ ಅದೇ ಜಾಗದಲ್ಲಿ ಅದೇ ಸ್ಕೇಲ್, ಅಲುಗಾಡಿಸಲ್ಲ, ಅದು ಹೇಳಿದ್ದೇ ಫೈನಲ್. ಮನೆ ಹತ್ರದ ಸ್ಕೇಲ್ ಏನು ಹೇಳಿತ್ತು ಅನ್ನೋ ಕತೆ ಬೇಡ.

ಪವರ್ ನಂಬರ್ ಎಲ್ಲಿಂದ ತರೋದು, ಇಲ್ಲೇ ಜಾಸ್ತಿ ಜನ ಜಾರೋದು. ಡೈನೋ (ಪವರ್ ಅಳೆಯೋ ಮಷೀನು) ಶೀಟ್ ತಗೊಂಡು ಬನ್ನಿ ಅಂತ ಬರೆದ್ರೆ ಎಲ್ಲಿ ಕಮ್ಮಿ ತೋರಿಸುತ್ತೋ ಅಲ್ಲಿಗೇ ಎಲ್ರೂ ಹೋಗ್ತಾರೆ. ಬರೀ ರೋಲರ್ ತಿರುಗಿಸೋ ಡೈನೋಗೂ ಲೋಡ್ ಕೊಡೋ ಡೈನೋಗೂ ಒಂದೇ ಕಾರಲ್ಲಿ ಬೇರೆ ಬೇರೆ ಬರುತ್ತೆ, ಅದೂ ಸಾಲದು ಅಂತ ಹವಾಮಾನಕ್ಕೆ ತಕ್ಕಂತೆ ನಂಬರ್ ಸರಿ ಮಾಡೋ ಕರೆಕ್ಷನ್ ಎಸ್‌ಎಇ ಬದಲು ಎಸ್‌ಟಿಡಿ ಹಾಕಿದ್ರೆ ಸುಮಾರು 4 ಶೇಕಡ ಜಾಸ್ತಿ ಕಾಣುತ್ತೆ. ಡೈನೋ ಬೇಕೇ ಬೇಕು ಅಂದ್ರೆ ಒಂದೇ ಡೈನೋ, ಒಂದೇ ಕರೆಕ್ಷನ್, ಚಕ್ರದ ಪವರ್ ಅಂತ ರೂಲಲ್ಲಿ ಬರೆಯಿರಿ, ಪೀಕ್ ನಂಬರ್ ಒಂದನ್ನೇ ತಗೋಬೇಡಿ. ಎರಡು ಕಾರಿಗೂ ಪೀಕ್ 150 ಇರ್ಬಹುದು, ಒಂದು ಟರ್ಬೋ 4500 ಆರ್‌ಪಿಎಮ್ಮಿಂದಲೇ 140 ಹಿಡ್ಕೊಂಡಿರುತ್ತೆ, ಇನ್ನೊಂದು ಅದೇ 4500ರಲ್ಲಿ 105 ಅಷ್ಟೇ ಕೊಟ್ಟು ಮೇಲೆ ಹೋಗಿ ಒಂದು ಕ್ಷಣ 150 ಮುಟ್ಟುತ್ತೆ. ಕಾರ್ನರಿಂದ ಹೊರಗೆ ಬರುವಾಗ ಯಾರು ಮುಂದೆ ಇರ್ತಾರೆ ಅಂತ ಕೇಳ್ಬೇಕಾ. ರೆಡ್‌ಲೈನಿಂದ (ಇಂಜಿನ್ ತಿರುಗೋ ಗರಿಷ್ಠ ಮಿತಿ) ಕೆಳಗಿನ 2000 ಆರ್‌ಪಿಎಮ್ಮಲ್ಲಿ ಐದು ಕಡೆ ನಂಬರ್ ತಗೊಂಡು ಸರಾಸರಿ ಮಾಡಿ.

ಚಿಕ್ಕ ಕ್ಲಬ್ಬಿಗೆ ಇಷ್ಟೂ ಬೇಡ ಅಂತಲೇ ನನ್ನ ಅಭಿಪ್ರಾಯ. ಕಂಪನಿ ಪ್ರಕಟಿಸಿರೋ ಪವರ್ ತಗೊಳ್ಳಿ, ಅದ್ರ ಮೇಲೆ ಸಪಾಟಾಗಿ ಕೂಡಿಸಿ: ಟರ್ಬೋ ಕಾರಿಗೆ ಇಸಿಯು (ಇಂಜಿನ್ ಕಂಪ್ಯೂಟರ್) ಟ್ಯೂನ್ ಆಗಿದ್ರೆ 25 ಶೇಕಡ, ಟರ್ಬೋ ಇಲ್ಲದ್ದಕ್ಕೆ 5, ಎಗ್ಸಾಸ್ಟ್ ಇಂಟೇಕ್ ಎರಡೂ ಬದಲಾಗಿದ್ರೆ ಇನ್ನೊಂದು 5. ನಿಖರ ಅಲ್ಲ, ಗೊತ್ತು. ಆದ್ರೆ ಎಲ್ರಿಗೂ ಒಂದೇ ಥರ ತಪ್ಪು, ಅದನ್ನ ಜನ ಸಹಿಸ್ಕೊಳ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಥರ ಸರಿ ಮಾಡೋಕೆ ಹೋದಾಗಲೇ ಹೊಡೆದಾಟ.

ಎಲೆಕ್ಟ್ರಿಕ್ ಕಾರು ಈ ಫಾರ್ಮುಲಾಗೆ ಸರಿಯಾಗಿ ಕೂರಲ್ಲ, ತೂಕ ಜಾಸ್ತಿ, ಟಾರ್ಕ್ (ತಿರುಗಿಸೋ ಬಲ) ಸೊನ್ನೆ ಆರ್‌ಪಿಎಮ್ಮಿಂದಲೇ ಇರುತ್ತೆ. ನಾಲ್ಕು ಕಾರ್ ಆಗೋವರೆಗೂ ಹಂತ 5ರ ಇಂಡೆಕ್ಸಲ್ಲಿ ಓಡಿಸಿ.

ಹಂತ 4: ಮಾಡಿಫಿಕೇಶನ್ ಪಟ್ಟಿ, ಆದಷ್ಟು ಚಿಕ್ಕದು

ಮೊದಲ ಸಾಲಲ್ಲೇ ನಿಮ್ಮ ರೂಲ್‌ಬುಕ್ ಯಾವ ಜಾತಿ ಅಂತ ಹೇಳ್ಬಿಡಿ. 'ಇಲ್ಲಿ ಬರೆದಿಲ್ಲದ್ದು ಮಾಡಂಗಿಲ್ಲ' ಅಥವಾ 'ಬೇಡ ಅಂತ ಬರೆದಿಲ್ಲದ್ದೆಲ್ಲ ಮಾಡ್ಬಹುದು', ಎರಡರಲ್ಲಿ ಒಂದು. ಇದನ್ನ ಬರೆಯದೇ ಇರೋ ರೂಲ್‌ಬುಕ್ಕೇ ಜಾಸ್ತಿ, ಅರ್ಧ ಪ್ರೊಟೆಸ್ಟು (ಎದುರಾಳಿ ಕಾರಿನ ಮೇಲೆ ಕೊಡೋ ದೂರು) ಹುಟ್ಟೋದು ಅಲ್ಲಿಂದಲೇ. ರಸ್ತೆ ಕಾರುಗಳ ಕ್ಲಾಸಿಗೆ ಮೊದಲನೇದು, ಓಪನ್ ಕ್ಲಾಸಿಗೆ ಎರಡನೇದು, ಹೀಗೆ ಕ್ಲಾಸಿಗೊಂದು ಇಟ್ರೂ ನಡೆಯುತ್ತೆ, ಒಂದೇ ಕ್ಲಾಸಲ್ಲಿ ಎರಡೂ ಬೆರೆಸ್ಬೇಡಿ.

ಆಮೇಲೆ ಹಂತ 3ರಲ್ಲಿ ಬಂದ ನಂಬರಿಗೆ ಸಣ್ಣ ಸಣ್ಣ ಹೊಂದಾಣಿಕೆ. 200ರಿಂದ 299 ಟೈರಿಗೆ 0.5 ಕಳೀರಿ, ನಾಲ್ಕೂ ಚಕ್ರಕ್ಕೆ ಡ್ರೈವ್ ಇದ್ರೆ 0.3 ಕಳೀರಿ, ದೊಡ್ಡ ವಿಂಗ್ ಅಥವಾ ಸ್ಪ್ಲಿಟರ್ (ಮುಂದಿನ ಬಂಪರ್ ಕೆಳಗೆ ಚಾಚೋ ಹಲಗೆ) ಇದ್ರೆ 0.4 ಕಳೀರಿ. ಇವು ನಾನು ಶುರುವಿಗೆ ಇಟ್ಕೊಳ್ಳೋ ನಂಬರ್, ನಿಮ್ಮ ಕೋರ್ಸ್ ನೋಡಿ ಬದಲಾಯಿಸ್ಕೊಳ್ಳಿ. ಇಂಥ ಹೊಂದಾಣಿಕೆ ಎಲ್ಲಾ ಸೇರಿ ನಾಲ್ಕು ದಾಟ್ಬಾರ್ದು. ಐದನೇದು ಸೇರಿಸೋ ಆಸೆ ಆದ್ರೆ ಇರೋದ್ರಲ್ಲಿ ಒಂದನ್ನ ತೆಗೀರಿ. ಸ್ಟ್ರಟ್ ಬಾರಿಗೆ ಅರ್ಧ ಪಾಯಿಂಟು, ಬುಷ್‌ಗೆ ಕಾಲು ಪಾಯಿಂಟು ಅಂತ ಹೊರಟ್ರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ, ಹೊಸಬರು ಫಾರಂ ತುಂಬೋಕೇ ಹೆದರ್ತಾರೆ.

ಪದಗಳಲ್ಲಿ ಹುಷಾರು. 'ದೊಡ್ಡ ವಿಂಗ್' ಅಂತ ಬರೆದ್ರೆ ನನ್ನದು ಚಿಕ್ಕದು ಅಂತಾರೆ. 'ರೂಫಿಗಿಂತ ಎತ್ತರ ಇರೋ ಅಥವಾ ಬಂಪರಿಂದ ಆಚೆ ಚಾಚಿರೋ ವಿಂಗ್' ಅಂತ ಬರೆದ್ರೆ ಕಣ್ಣಲ್ಲೇ ತೀರ್ಮಾನ ಆಗುತ್ತೆ. 'ಸ್ಟಾಕ್ ಸಸ್ಪೆನ್ಷನ್' ಅನ್ನೋ ಮಾತೂ ಅಷ್ಟೇ, ಸ್ಪ್ರಿಂಗ್ ಸ್ಟಾಕಾ, ಡ್ಯಾಂಪರ್ ಸ್ಟಾಕಾ, ಅವನ್ನ ಬಾಡಿಗೆ ಬಿಗಿಯೋ ಪಾಯಿಂಟುಗಳು ಸ್ಟಾಕಾ? ನಮ್ಮ ಹಳೇ ಪುಸ್ತಕದಲ್ಲಿ 'ಸೀಟ್ ತೆಗೀಬಾರ್ದು' ಅಂತಿತ್ತು. ಒಬ್ರು ಸೀಟ್ ತೆಗೀಲಿಲ್ಲ ನಿಜ, ಸೀಟ್ ಕವರ್ ಒಳಗೆ ಬರೀ ಫೋಮ್ ಇಟ್ಟು ಫ್ರೇಮೇ ತೆಗೆದಿದ್ರು. ನೀವು ಚಾಪೆ ಕೆಳಗೆ ತೂರಿದ್ರೆ ಅವರು ರಂಗೋಲಿ ಕೆಳಗೆ ತೂರ್ತಾರೆ. ಕೋಪ ಮಾಡ್ಕೊಂಡು ಮೂರು ಸಾಲಿನ ಸೀಟ್ ರೂಲ್ ಬರೀಬೇಡಿ, ಆ ರೂಲೇ ತೆಗೀರಿ. ತೂಕ ಹೇಗೂ ಸ್ಕೇಲಲ್ಲಿ ಸಿಗುತ್ತೆ ತಾನೇ. ಸುರಕ್ಷತೆ ವಿಷಯ ಮಾತ್ರ (ಸೀಟ್ ಬಿಗಿದಿರೋದು, ಬೆಲ್ಟು, ಬ್ಯಾಟರಿ ಕ್ಲ್ಯಾಂಪು) ಬೇರೆ ಹಾಳೆಯಲ್ಲಿ ಇಡಿ, ಅಲ್ಲಿ ಚೌಕಾಸಿ ಇಲ್ಲ.

ಹಂತ 5: ಕಾರ್ ಕಮ್ಮಿ ಇದ್ರೆ ಇಂಡೆಕ್ಸ್

ಹದಿನೈದಿಪ್ಪತ್ತು ಕಾರಷ್ಟೇ ಬರೋ ಕ್ಲಬ್ಬಿಗೆ ಕ್ಲಾಸ್ ಮಾಡೋದೇ ದಂಡ. ಪ್ರತಿ ಥರದ ಕಾರಿಗೆ ಒಂದು ಗುಣಕ, ಓಡಿದ ಟೈಮನ್ನ ಅದ್ರಿಂದ ಗುಣಿಸಿ, ಕಮ್ಮಿ ಬಂದೋರು ಗೆದ್ರು. ಆಟೋಕ್ರಾಸ್‌ನೋರು (ಕೋನ್ ಕೋರ್ಸಲ್ಲಿ ಓಡಿಸೋರು) ಇದನ್ನ ಪ್ಯಾಕ್ಸ್ ಅಂತಾರೆ. ಉದಾಹರಣೆಗೆ ನಿಧಾನದ ಕಾರಿನ ಗುಣಕ 0.820, ಟೈಮ್ 62.400, ಗುಣಿಸಿದ್ರೆ 51.168. ಜೋರಿನ ಕಾರಿನದ್ದು 0.870, ಟೈಮ್ 58.900, ಗುಣಿಸಿದ್ರೆ 51.243. ಮೂರೂವರೆ ಸೆಕೆಂಡ್ ಹಿಂದೆ ಬಂದ ಕಾರು 0.075ರಲ್ಲಿ ಗೆಲ್ತು.

ತಪ್ಪು ಆಗೋದು ಎಲ್ಲಿ ಅಂದ್ರೆ, ಗುಣಕವನ್ನ ನಿಮ್ಮ ಕ್ಲಬ್ಬಿನ ಸರಾಸರಿ ಡ್ರೈವರ್ ಟೈಮಿಂದ ಲೆಕ್ಕ ಹಾಕೋದು. ಆ ಕಾರನ್ನ ಚೆನ್ನಾಗಿ ಓಡಿಸಿದವರ ಟೈಮ್ ಬೇಕು, ಇಲ್ಲದಿದ್ರೆ ಹೊಸಬರು ಜಾಸ್ತಿ ಓಡಿಸೋ ಕಾರಿಗೆ ಸುಮ್ನೆ ರಿಯಾಯಿತಿ ಸಿಕ್ಬಿಡುತ್ತೆ. ಇನ್ನೊಂದು, ಇಕ್ಕಟ್ಟಿನ ಕೋನ್ ಕೋರ್ಸಿಗೆ ಮಾಡಿದ ಗುಣಕವನ್ನ ಉದ್ದ ಸ್ಟ್ರೇಟ್ ಇರೋ ಟ್ರ್ಯಾಕಿಗೆ ತಗೊಂಡು ಹೋಗೋದು. ಅಲ್ಲಿ ಪವರ್ ಇರೋರಿಗೆ ಹಬ್ಬ.

ಡ್ರ್ಯಾಗ್ ರೇಸಲ್ಲಿ (ನೇರ ದಾರಿಯ ಓಟ) ಇರೋ ಹಾಗೆ ಮೊದಲೇ ಟೈಮ್ ಹೇಳಿ ಅದಕ್ಕಿಂತ ಬೇಗ ಹೋದ್ರೆ ಔಟ್ ಅನ್ನೋ ಬ್ರ್ಯಾಕೆಟ್ ಪದ್ಧತಿಯೂ ಇದೆ. ಕಾರ್ ಚೆಕ್ ಮಾಡೋ ಕೆಲಸವೇ ಇಲ್ಲ, ಸರಳತೆಗೆ ನೂರಕ್ಕೆ ನೂರು. ಆದ್ರೆ ಅದು ವೇಗದ ಸ್ಪರ್ಧೆ ಅಲ್ಲ, ಒಂದೇ ಥರ ಓಡಿಸೋ ಸ್ಪರ್ಧೆ, ಜೋರಾಗಿ ಹೋಗೋಕೆ ಬಂದೋರಿಗೆ ರುಚಿಸಲ್ಲ.

ಹಂತ 6: ಹಳೇ ರಿಸಲ್ಟ್ ಮೇಲೆ ಓಡಿಸಿ ನೋಡಿ

ಹೊಸ ರೂಲನ್ನ ಪ್ರಕಟಿಸೋಕೆ ಮುಂಚೆ ಕಳೆದ ಸೀಸನ್ ಶೀಟ್ ತೆಗೆದು ಎಲ್ಲರನ್ನೂ ಹೊಸ ಕ್ಲಾಸಿಗೆ ಹಾಕಿ. ಪ್ರತಿ ಕ್ಲಾಸಲ್ಲೂ ಮೊದಲ ಮೂರು ಸ್ಥಾನ ಬೇರೆ ಬೇರೆ ಮಾಡೆಲ್ ಕಾರಿಗೆ ಬಂದ್ರೆ ಸಮಾಧಾನ. ಮೂರೂ ಒಂದೇ ಮಾಡೆಲ್ ಆದ್ರೆ ಎಲ್ಲೋ ಗೆರೆ ತಪ್ಪಿದೆ. ಗೆರೆ ಎಳೆಯುವಾಗ ಕಾರುಗಳು ಗುಂಪಾಗಿರೋ ಜಾಗದಲ್ಲಿ ಎಳೀಬೇಡಿ, ಖಾಲಿ ಇರೋ ಜಾಗ ಹುಡುಕಿ. 7.8ರಿಂದ 8.2ರವರೆಗೆ ಒಂಬತ್ತು ಕಾರಿದ್ರೆ 8ರಲ್ಲಿ ಗೆರೆ ಹಾಕೋದು ಅಂದ್ರೆ ಒಂಬತ್ತು ಜಗಳ ಕೊಂಡ್ಕೊಂಡಂಗೆ.

ಆಮೇಲೆ ಡ್ರಾಫ್ಟನ್ನ ನಿಮ್ಮಲ್ಲೇ ಅತಿ ಕಿಲಾಡಿ ಯಾರಿದ್ದಾರೋ ಅವರಿಗೇ ಕೊಟ್ಟು 'ಇದ್ರಲ್ಲಿ ಗೆಲ್ಲೋಕೆ ಯಾವ ಕಾರ್ ಕಟ್ತೀಯ, ಒಂದು ಸಂಜೆಯಲ್ಲಿ ಹೇಳು' ಅನ್ನಿ. ಅವರು ಹೇಳೋ ಕಾರೇ ಮುಂದಿನ ವರ್ಷ ಬರೋದು, ಈಗಲೇ ನೋಡ್ಕೊಳ್ಳಿ.

ಹಂತ 7: ಚೆಕ್ ಮಾಡೋ ದಿನ

ಪ್ರತಿ ಕ್ಲಾಸಲ್ಲಿ ಮೊದಲ ಇಬ್ಬರು, ಜೊತೆಗೆ ಚೀಟಿ ಎತ್ತಿ ಇನ್ನೊಬ್ಬರು. ಕಾರಿಗೆ ಐದು ನಿಮಿಷ: ತೂಕ, ಟೈರ್ ನಂಬರ್, ಹೊಂದಾಣಿಕೆ ಪಟ್ಟಿಯ ನಾಲ್ಕು ವಿಷಯ, ಅಷ್ಟೇ. ಚೀಟಿ ಯಾಕೆ ಅಂದ್ರೆ ಏಳನೇ ಸ್ಥಾನದವರನ್ನೂ ಚೆಕ್ ಮಾಡಿದ್ರೆ ಗೆದ್ದೋರಿಗೆ ತಮ್ಮನ್ನೇ ಗುರಿ ಮಾಡಿದ್ದಾರೆ ಅನಿಸಲ್ಲ. ಪ್ರೊಟೆಸ್ಟಿಗೆ ಡೆಪಾಸಿಟ್ ಇಡಿ, ಸರಿ ಇದ್ರೆ ವಾಪಸ್, ತಪ್ಪಾದ್ರೆ ಎದುರಿನವರಿಗೆ. ರಿಸಲ್ಟ್ ಹಾಕಿದ ಮೂವತ್ತು ನಿಮಿಷದೊಳಗೆ, ಲಿಖಿತವಾಗಿ. ರಾತ್ರಿ ಹನ್ನೊಂದಕ್ಕೆ ಗ್ರೂಪಲ್ಲಿ ಫೋಟೋ ಹಾಕಿ ಗುದ್ದಾಡೋದಕ್ಕೆ ಬೆಲೆ ಇಲ್ಲ ಅಂತಲೂ ಬರ್ದಿಡಿ.

ಮೊದಲ ಸಲ ಸಿಕ್ಕಿಬಿದ್ದೋರಿಗೆ ಮೇಲಿನ ಕ್ಲಾಸಿಗೆ ಹಾಕೋದು ಸಾಕು. ಹೊಸಬರಲ್ಲಿ ಮುಕ್ಕಾಲು ಪಾಲು ಗೊತ್ತಿಲ್ಲದೇ ಮಾಡಿರ್ತಾರೆ.

ಹಂತ 8: ಬದಲಾಯಿಸೋದು ಯಾವಾಗ

ಸೀಸನ್ ಮಧ್ಯದಲ್ಲಿ ಸುರಕ್ಷತೆ ಬಿಟ್ಟು ಏನೂ ಬದಲಾಯಿಸ್ಬೇಡಿ. ಇಲ್ಲಿ ಒತ್ತಡ ಜೋರಾಗಿ ಬರುತ್ತೆ. ನಮ್ಮಲ್ಲಿ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ಸಾಲಾಗಿ ಐದು ಇವೆಂಟ್ ಗೆದ್ದಾಗ ಆ ಕಾರನ್ನ ಮೇಲಿನ ಕ್ಲಾಸಿಗೆ ತಳ್ಳಿ ಅಂತ ಹನ್ನೆರಡು ಜನ ಸಹಿ ಹಾಕಿ ಕೊಟ್ರು. ನಾವು ಸಹಿ ಹಾಕಿದವರಲ್ಲೇ ಒಬ್ಬರ ಕಾರನ್ನ ಕೇಳಿ ತಗೊಂಡ್ವಿ, ಆ ಹ್ಯಾಚ್‌ಬ್ಯಾಕ್ ಡ್ರೈವರನ್ನ ಅದ್ರಲ್ಲಿ ಕೂರಿಸಿದ್ವಿ, ಮೂರೇ ರನ್ ಕೊಟ್ವಿ. ಓನರ್ ಟೈಮಿಗಿಂತ 1.8 ಸೆಕೆಂಡ್ ಬೇಗ. ಆ ಅರ್ಜಿ ಆಮೇಲೆ ಎಲ್ಲಿ ಹೋಯ್ತೋ ಯಾರೂ ಕೇಳ್ಲಿಲ್ಲ. ಹಾಗಾಗಿ ಯಾವ ಕಾರಿನ ಮೇಲೆ ದೂರು ಬಂದ್ರೂ ಮೊದಲು ಡ್ರೈವರ್ ಅದಲುಬದಲು ಮಾಡಿ ನೋಡಿ. ಒಂದೇ ಮಾಡೆಲನ್ನ ಇಬ್ಬರು ಮೂವರು ಬೇರೆ ಬೇರೆ ಡ್ರೈವರ್ ಓಡಿಸಿ ಗೆಲ್ತಿದ್ರೆ ಮಾತ್ರ ಅದು ಕಾರಿನ ವಿಷಯ.

ಮುಂದಿನ ಸೀಸನ್ನಿಗೆ ಬದಲಾವಣೆಯನ್ನ ಕೊನೇ ಇವೆಂಟ್ ಆದ ಎರಡು ವಾರದಲ್ಲಿ ಹಾಕ್ಬಿಡಿ, ಜನ ಟೈರ್ ಕೊಳ್ಳೋದು ಬಿಡುವಿನ ಸಮಯದಲ್ಲಿ. ಒಂದು ವರ್ಷಕ್ಕೆ ಮೂರು ಬದಲಾವಣೆ ಮಾತ್ರ, ಪ್ರತಿಯೊಂದರ ಪಕ್ಕ ಯಾಕೆ ಅಂತ ಒಂದು ಸಾಲು. ರೂಲ್‌ಬುಕ್ ಎರಡು ಪುಟ ದಾಟಿದ ದಿನ ಹೊಸದು ಸೇರಿಸೋದು ನಿಲ್ಲಿಸಿ, ಹಳೇದ್ರಲ್ಲಿ ಕಳೆದ ಸೀಸನ್ ಒಮ್ಮೆಯೂ ಚೆಕ್ ಮಾಡದ ಸಾಲು ಯಾವುದು ನೋಡಿ, ಅದನ್ನ ಹೊಡೆದು ಹಾಕಿ.